ಹೊಸ ಪುಸ್ತಕಗಳ ರ‍್ಯಾಕು: ಅಲ್ಲಿರುವುದು, ಅಲ್ಲಿಗೆ ಬಾರದೇ ಇರುವುದು

(ಗ್ರಂಥಾಲಯ ಸಪ್ತಾಹದಲ್ಲಿ ಒಂದು ಶಾಖಾ ಗ್ರಂಥಾಲಯದಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಯ ಪ್ರಶ್ನೋತ್ತರವನ್ನು ಮಾತ್ರ ಹಾಗೇ ಇಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಗ್ರಂಥಾಲಯಕ್ಕೆ ಬಂದಿರುವ ಹೊಸ ಪುಸ್ತಕಗಳ ಬಗ್ಗೆ ಮಾತಾಡಿ ಎಂದಿದ್ದಾರೆ. ಕತೆ, ಕಾದಂಬರಿಯೂ ಇರಲಿ, ಬೇರೆ ಪುಸ್ತಕಗಳೂ ಇರಲಿ ಎಂದಿದ್ದಾರೆ. ಒಂದಷ್ಟು ಹೆಸರು ಓದಿ ಹೇಳಿ ಕೂತುಬಿಡಬಹುದಿತ್ತು. ಆದರೆ ಪುಸ್ತಕಗಳ ಹೆಸರು ನಿಮ್ಮ ಫೋನಿನಲ್ಲೇ ಸಿಗುತ್ತವೆ. ಇಲ್ಲಿ ಬಾಗಿಲ ಪಕ್ಕ ‘ಹೊಸ ಪುಸ್ತಕಗಳು’ ಎಂದು ಚೀಟಿ ಅಂಟಿಸಿದ ಒಂದು ರ‍್ಯಾಕು ಇದೆಯಲ್ಲ, ಅದಕ್ಕೆ ಪುಸ್ತಕ ಹೇಗೆ ಬರುತ್ತದೆ, ಆಮೇಲೆ ಎಲ್ಲಿಗೆ ಹೋಗುತ್ತದೆ ಅನ್ನುವುದು ಫೋನಿನಲ್ಲಿ ಸುಲಭವಾಗಿ ಸಿಗುವುದಿಲ್ಲ. ಅಲ್ಲಿಂದಲೇ ಶುರು ಮಾಡುತ್ತೇನೆ.

ಮೊದಲು ದುಡ್ಡಿನ ವಿಷಯ. ಮನೆ ಕಂದಾಯದ ರಸೀದಿಯನ್ನು ನಾವು ಯಾರೂ ಪೂರ್ತಿ ಓದುವುದಿಲ್ಲ. ಒಟ್ಟು ಎಷ್ಟು ಅಂತ ನೋಡುತ್ತೇವೆ, ಬೈಯುತ್ತೇವೆ, ಕಟ್ಟುತ್ತೇವೆ. ಇನ್ನೊಂದು ಸಲ ಸಾಲು ಸಾಲಾಗಿ ಓದಿ. ಆಸ್ತಿ ತೆರಿಗೆಯ ಮೇಲೆ ಶೇಕಡಾ 6 ಗ್ರಂಥಾಲಯ ಕರ ಇರುತ್ತದೆ. ಅದರ ಹತ್ತಿರವೇ ಶೇಕಡಾ 3 ಭಿಕ್ಷುಕರ ಕರವೂ ಇರುತ್ತದೆ. ಗ್ರಂಥಾಲಯ ಕರ 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದ ಏರ್ಪಾಡು. ನಗರಸಭೆ, ಪಾಲಿಕೆಗಳು ಈ ಕರವನ್ನು ನಮ್ಮಿಂದ ವಸೂಲಿ ಮಾಡಿ ಗ್ರಂಥಾಲಯಕ್ಕೆ ಕೊಡಬೇಕು. ವಸೂಲಿ ತಪ್ಪದೆ ಆಗುತ್ತದೆ. ಕೊಡುವುದು ಮಾತ್ರ ನಿಧಾನ. ಬಾಕಿಯ ಸುದ್ದಿ ಆಗಾಗ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ. ನಾನು ಹೇಳುವುದು ಇಷ್ಟೇ: ಈ ರ‍್ಯಾಕಿನ ಮುಂದೆ ನಿಲ್ಲುವಾಗ ಯಾರದೋ ದಾನ ತೆಗೆದುಕೊಳ್ಳುವವರ ಹಾಗೆ ಮುದುಡಿಕೊಳ್ಳಬೇಕಾಗಿಲ್ಲ. ಬಾಡಿಗೆ ಮನೆಯವರೂ ಅಷ್ಟೇ. ಮಾಲೀಕರು ಆ ತೆರಿಗೆಯನ್ನು ಬಾಡಿಗೆಯಲ್ಲಿ ಸೇರಿಸದೆ ಬಿಟ್ಟಿರುತ್ತಾರಾ?

ಆ ಕಾಯ್ದೆಯ ಹಿಂದೆ ಎಸ್. ಆರ್. ರಂಗನಾಥನ್ ಅವರ ಚಿಂತನೆ ಇದೆ. ಗಣಿತದ ಮೇಷ್ಟರಾಗಿದ್ದವರು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. 1962ರಲ್ಲಿ ಇಲ್ಲಿ ಗ್ರಂಥಾಲಯ ವಿಜ್ಞಾನದ ಒಂದು ತರಬೇತಿ ಕೇಂದ್ರವನ್ನೂ ಕಟ್ಟಿದರು. 1931ರಲ್ಲಿ ಅವರು ಗ್ರಂಥಾಲಯಕ್ಕೆ ಐದು ಸೂತ್ರ ಹೇಳಿದರು. ಪುಸ್ತಕ ಇರುವುದು ಬಳಸುವುದಕ್ಕೆ ಅನ್ನುವುದು ಮೊದಲನೆಯದು. ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ ಅನ್ನುವುದು ಎರಡನೆಯದು, ಮೂರನೆಯದು. ಉಳಿದ ಎರಡು ಇವತ್ತಿನ ಮಾತಿಗೆ ಬೇಡ. ಈ ಮೂರನೆಯದು ಇದೆಯಲ್ಲ, ನನ್ನ ಗಲಾಟೆ ಎಲ್ಲ ಅದರ ಬಗ್ಗೆಯೇ.

ಈಗ ಪುಸ್ತಕ ಬರುವ ದಾರಿ. ಒಬ್ಬ ಲೇಖಕಿಯ ಕಥಾಸಂಕಲನ ಜನವರಿಯಲ್ಲಿ ಅಚ್ಚಾಯಿತು ಎಂದುಕೊಳ್ಳಿ. ಪ್ರಕಾಶಕರು ಅದನ್ನು ಆ ವರ್ಷದ ಪುಸ್ತಕಗಳ ಜೊತೆ ಗ್ರಂಥಾಲಯ ಇಲಾಖೆಗೆ ಸಲ್ಲಿಸುತ್ತಾರೆ. ಇದಕ್ಕೆ ಏಕಗವಾಕ್ಷಿ ಯೋಜನೆ ಅಂತ ಹೆಸರು. ಆಯ್ಕೆ ಸಮಿತಿ ಕೂರುತ್ತದೆ. ಪಟ್ಟಿ ಹೊರಬೀಳುತ್ತದೆ. ಆಕ್ಷೇಪಣೆಗಳು ಬರುತ್ತವೆ. ಪುಟಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ ದರ ಗೊತ್ತಾಗುತ್ತದೆ. ಆಯ್ಕೆಯಾದ ಪುಸ್ತಕದ ಸಾಮಾನ್ಯವಾಗಿ 300 ಪ್ರತಿಗಳನ್ನು ಕೊಳ್ಳುತ್ತಾರೆ. ಆಮೇಲೆ ಸರಬರಾಜು, ದಾಖಲಾತಿ ಸಂಖ್ಯೆ, ಸೀಲು, ಬೆನ್ನಿಗೆ ಚೀಟಿ. ಇಷ್ಟೆಲ್ಲ ಮುಗಿದು ಪುಸ್ತಕ ಇಲ್ಲಿಗೆ ಬರುವ ಹೊತ್ತಿಗೆ ಒಂದೆರಡು ವರ್ಷ ಆಗಿರುತ್ತದೆ. ಆ ಲೇಖಕಿಯ ಮುಂದಿನ ಪುಸ್ತಕ ಆಗಲೇ ಅಂಗಡಿಯಲ್ಲಿರುತ್ತದೆ. ನಮ್ಮ ರ‍್ಯಾಕಿನ ‘ಹೊಸ’ ಎಂದರೆ ಈ ಕಟ್ಟಡಕ್ಕೆ ಹೊಸದು, ಅಷ್ಟೇ.

ಇದರಲ್ಲಿ ಬರೀ ತಪ್ಪನ್ನೇ ಹುಡುಕುವುದು ಸರಿಯಲ್ಲ. ಕನ್ನಡದ ಸಣ್ಣ ಪ್ರಕಾಶಕರು ಎಷ್ಟೋ ಪುಸ್ತಕಗಳನ್ನು ಅಚ್ಚು ಮಾಡುವ ಧೈರ್ಯ ತೋರುವುದೇ ಈ 300 ಪ್ರತಿಗಳ ನೆಚ್ಚಿಕೆಯ ಮೇಲೆ. ಐನೂರು, ಸಾವಿರ ಪ್ರತಿ ಹಾಕಿಸುವವರಿಗೆ 300 ಅಂದರೆ ಸಣ್ಣ ಸಂಖ್ಯೆಯಲ್ಲ. ಆದರೆ ಓದುಗರ ಕಡೆಯಿಂದ ನೋಡಿ. ರಾಜ್ಯದಲ್ಲಿ ಗ್ರಾಮ ಪಂಚಾಯತಿ ಗ್ರಂಥಾಲಯಗಳೇ ಐದು ಸಾವಿರಕ್ಕೂ ಜಾಸ್ತಿ. ಅವು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಹೋದವು. ಈಗ ಅವಕ್ಕೆ ಅರಿವು ಕೇಂದ್ರ ಎಂಬ ಹೆಸರೂ ಇದೆ. ಅವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೂ ಜಿಲ್ಲಾ ಕೇಂದ್ರ, ನಗರ ಕೇಂದ್ರ, ಅವುಗಳ ಶಾಖೆಗಳು ಎಲ್ಲಕ್ಕೂ 300 ಪ್ರತಿ ಸಾಲುವುದಿಲ್ಲ. ಅಂದರೆ ಒಂದು ಒಳ್ಳೆಯ ಪುಸ್ತಕ ಆಯ್ಕೆಯಾದರೂ ನಿಮ್ಮ ಶಾಖೆಗೆ ಬರುತ್ತದೆ ಎಂದು ಹೇಳಲಾಗದು. ಪಕ್ಕದ ತಾಲ್ಲೂಕಿನಲ್ಲಿ ಇರಬಹುದು. ಕೊಲ್ಕತ್ತದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನದ ನೆರವಿನಿಂದ ಬರುವ ಪುಸ್ತಕಗಳು ಇನ್ನೊಂದು ದಾರಿ. ದಾನವಾಗಿ ಬರುವವು ಮೂರನೆಯ ದಾರಿ. ಅದರ ಬಗ್ಗೆ ಆಮೇಲೆ.

ಪುಟದ ಲೆಕ್ಕದ ಬಗ್ಗೆ ಒಂದು ಮಾತು. ಪುಟ ಎಣಿಸಿ ದರ ಕಟ್ಟಿದರೆ ನಷ್ಟ ಆಗುವುದು ತೆಳ್ಳಗಿನ ಪುಸ್ತಕಕ್ಕೆ. ನೂರು ಪುಟದ ಕಥಾಸಂಕಲನಕ್ಕೆ, ಅರವತ್ತು ಪುಟದ ಕವನ ಸಂಕಲನಕ್ಕೆ, ಬಣ್ಣದ ಚಿತ್ರಗಳಿರುವ ಮಕ್ಕಳ ಪುಸ್ತಕಕ್ಕೆ. ಮಕ್ಕಳ ಪುಸ್ತಕವಂತೂ ತೆಳ್ಳಗೇ ಇರಬೇಕು. ಅದನ್ನು ದಪ್ಪ ಮಾಡಿದರೆ ಓದುವ ಮಗು ಓಡಿಹೋಗುತ್ತದೆ.

ಇನ್ನು ಕತೆ, ಕಾದಂಬರಿಗಳು ಒಂದು ಕಡೆ, ಬೇರೆ ಪುಸ್ತಕಗಳು ಇನ್ನೊಂದು ಕಡೆ. ‘ಈಗ ಕನ್ನಡದಲ್ಲಿ ಯಾವುದು ಚೆನ್ನಾಗಿ ಬರುತ್ತಿದೆ?’ ಎಂದು ನನ್ನನ್ನು ಕೇಳುವವರು ಸಾಮಾನ್ಯವಾಗಿ ಕಾದಂಬರಿಯ ಹೆಸರನ್ನು ನಿರೀಕ್ಷಿಸುತ್ತಾರೆ. ಅವರಿಗೆ ನಾನು ಒಂದು ಪಟ್ಟಿ ತೋರಿಸುತ್ತೇನೆ. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯ ಪಟ್ಟಿ. 2016ರಲ್ಲಿ ಬೊಳುವಾರು ಮಹಮದ್ ಕುಂಞಿ ಅವರ ‘ಸ್ವಾತಂತ್ರ್ಯದ ಓಟ’ ಕಾದಂಬರಿಗೆ ಬಂತು. ಆಮೇಲೆ ನೋಡಿ. 2017ರಲ್ಲಿ ಟಿ. ಪಿ. ಅಶೋಕ ಅವರ ‘ಕಥನ ಭಾರತಿ’, 2018ರಲ್ಲಿ ಕೆ. ಜಿ. ನಾಗರಾಜಪ್ಪ ಅವರ ‘ಅನುಶ್ರೇಣಿ–ಯಜಮಾನಿಕೆ’, ಎರಡೂ ವಿಮರ್ಶೆ. 2019ರಲ್ಲಿ ವಿಜಯಾ ಅವರ ಆತ್ಮಕತೆ ‘ಕುದಿ ಎಸರು’. 2020ರಲ್ಲಿ ವೀರಪ್ಪ ಮೊಯಿಲಿ ಅವರ ಮಹಾಕಾವ್ಯ. 2021ರಲ್ಲಿ ಡಿ. ಎಸ್. ನಾಗಭೂಷಣ ಅವರ ‘ಗಾಂಧಿ ಕಥನ’. 2022ರಲ್ಲಿ ಮೂಡ್ನಾಕೂಡು ಚಿನ್ನಸ್ವಾಮಿ ಅವರ ‘ಬಹುತ್ವದ ಭಾರತ ಮತ್ತು ಬೌದ್ಧ ತಾತ್ವಿಕತೆ’. 2023ರಲ್ಲಿ ಲಕ್ಷ್ಮೀಶ ತೋಳ್ಪಾಡಿ ಅವರ ‘ಮಹಾಭಾರತ ಅನುಸಂಧಾನದ ಭಾರತಯಾತ್ರೆ’. 2024ರಲ್ಲಿ ಕೆ. ವಿ. ನಾರಾಯಣ ಅವರ ‘ನುಡಿಗಳ ಅಳಿವು’. ಎಂಟು ವರ್ಷ. ಒಂದು ಮಹಾಕಾವ್ಯ ಬಿಟ್ಟರೆ ಉಳಿದದ್ದೆಲ್ಲ ಕಥನೇತರ, ಅಂದರೆ ಕತೆ, ಕಾದಂಬರಿ ಅಲ್ಲದ ಗದ್ಯ. ಒಂದು ಕಾದಂಬರಿಯೂ ಇಲ್ಲ. ಒಂದು ಕಥಾಸಂಕಲನವೂ ಇಲ್ಲ.

ಈಗ ಅದೇ ಅಕಾಡೆಮಿಯ ಯುವ ಪುರಸ್ಕಾರ ನೋಡಿ. 2016ರಲ್ಲಿ ವಿಕ್ರಮ ಹತ್ವಾರ, 2017ರಲ್ಲಿ ಶಾಂತಿ ಕೆ. ಅಪ್ಪಣ್ಣ, 2018ರಲ್ಲಿ ಪದ್ಮನಾಭ ಭಟ್, 2020ರಲ್ಲಿ ಸ್ವಾಮಿ ಪೊನ್ನಾಚಿ, 2022ರಲ್ಲಿ ದಾದಾಪೀರ್ ಜೈಮನ್, 2023ರಲ್ಲಿ ಮಂಜುನಾಯಕ ಚಳ್ಳೂರು. ಇವರೆಲ್ಲರಿಗೂ ಬಂದದ್ದು ಸಣ್ಣಕತೆಗಳ ಪುಸ್ತಕಕ್ಕೆ. ನಡುವೆ ಒಂದು ಕಾದಂಬರಿ ಇದೆ, ಒಂದು ಕಾವ್ಯ ಇದೆ. ಆದರೂ ಪಟ್ಟಿಯ ತೂಕ ಸಣ್ಣಕತೆಯ ಕಡೆಗೇ.

ಹಿರಿಯರ ಪ್ರಶಸ್ತಿ ಕಥನೇತರಕ್ಕೆ, ಕಿರಿಯರ ಪ್ರಶಸ್ತಿ ಸಣ್ಣಕತೆಗೆ. ನನ್ನ ಪ್ರಕಾರ ಇದು ಸುಮ್ನೆ ಆದದ್ದಲ್ಲ. ಹಿರಿಯರದ್ದನ್ನು ತೀರ್ಪುಗಾರರ ರುಚಿ ಎಂದು ತಳ್ಳಿಹಾಕುವವರಿದ್ದಾರೆ. ಇರಬಹುದು. ಆದರೆ ಅಷ್ಟೇ ಅಲ್ಲ. ಕನ್ನಡದ ಗದ್ಯ ಈಗ ವಾದ ಮಾಡುವುದರಲ್ಲಿ, ನೆನಪು ಹೇಳುವುದರಲ್ಲಿ, ಹಳೆಯ ಪಠ್ಯವನ್ನು ಹೊಸದಾಗಿ ಓದುವುದರಲ್ಲಿ ಗಟ್ಟಿಯಾಗಿದೆ. ಕಿರಿಯರ ಕತೆಗೆ ಕಾರಣ ಇನ್ನೂ ಸ್ಪಷ್ಟ. ಪತ್ರಿಕೆಗಳ ಕಥಾಸ್ಪರ್ಧೆಗಳಿವೆ. ವಸುಧೇಂದ್ರ ಅವರ ‘ಛಂದ ಪುಸ್ತಕ’ ಪ್ರಕಾಶನ ಕತೆಗಳ ಹಸ್ತಪ್ರತಿಗೆ ಸ್ಪರ್ಧೆ ಇಟ್ಟು ಎಷ್ಟೋ ಜನರ ಮೊದಲ ಪುಸ್ತಕ ತಂದಿತು. ಕನ್ನಡ ಪುಸ್ತಕ ಪ್ರಾಧಿಕಾರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಕೆಲಸಕ್ಕೆ ಹೋಗಿ ಬಂದು ರಾತ್ರಿ ಬರೆಯುವ ಇಪ್ಪತ್ತೈದು ವರ್ಷದವರಿಗೆ ಸಣ್ಣಕತೆ ಕೈಗೆಟಕುತ್ತದೆ, ಕಾದಂಬರಿ ಎಟಕುವುದಿಲ್ಲ.

ಇಷ್ಟು ಹೇಳಿದ್ದು ಯಾಕೆ? ಈ ಪುಸ್ತಕಗಳು ಗ್ರಂಥಾಲಯಕ್ಕೆ ಬಂದ ಮೇಲೆ ಏನಾಗುತ್ತವೆ ಎಂದು ತೋರಿಸುವುದಕ್ಕೆ. ಕಥಾಸಂಕಲನಕ್ಕೆ ತೊಂದರೆ ಇಲ್ಲ. ಅದು ಕತೆಗಳ ರ‍್ಯಾಕಿಗೆ ಹೋಗುತ್ತದೆ. ವಿಷಯಕ್ಕೊಂದು ಅಂಕಿ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ದಶಮಾಂಶ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯಕ್ಕೆ 894.814 ಅಂತ ಒಂದು ಮನೆ ಇದೆ. ಆದರೆ ಕಥನೇತರಕ್ಕೆ ಒಂದು ಮನೆ ಅಂತ ಇಲ್ಲ. ‘ನುಡಿಗಳ ಅಳಿವು’ ಭಾಷೆಗಳ ಬಗ್ಗೆ, ಹಾಗಾಗಿ 400ರ ಕಡೆ. ‘ಕುದಿ ಎಸರು’ ಜೀವನಕತೆ, 920ರ ಕಡೆ. ತೋಳ್ಪಾಡಿಯವರ ಪುಸ್ತಕ ಮಹಾಭಾರತದ್ದು, 294.5ರಲ್ಲಿ ಪೂಜೆ, ವ್ರತ, ಸ್ತೋತ್ರದ ಪುಸ್ತಕಗಳ ನಡುವೆ. ಮೂಡ್ನಾಕೂಡು ಅವರದ್ದು ಬೌದ್ಧದರ್ಶನ, 294.3. ಗಾಂಧಿಯ ಪುಸ್ತಕ ಇತಿಹಾಸಕ್ಕೆ ಹೋಗಬಹುದು, ಜೀವನಚರಿತ್ರೆಗೂ ಹೋಗಬಹುದು. ವರ್ಗೀಕರಣ ಮಾಡಿದವರದ್ದು ತಪ್ಪಿಲ್ಲ. ನಿಯಮದ ಪ್ರಕಾರ ಇದೇ ಸರಿ. ಆದರೆ ಕತೆ, ಕಾದಂಬರಿ ಹುಡುಕಿಕೊಂಡು ಬಂದವರು ಸಾಹಿತ್ಯದ ರ‍್ಯಾಕು ನೋಡಿ ಹೊರಟುಬಿಡುತ್ತಾರೆ. ಕಳೆದ ಹತ್ತು ವರ್ಷದ ಕನ್ನಡದ ಒಳ್ಳೆಯ ಗದ್ಯದಲ್ಲಿ ದೊಡ್ಡ ಪಾಲು ಅವರ ಬೆನ್ನ ಹಿಂದೆ ಬೇರೆ ಬೇರೆ ಬೀರುಗಳಲ್ಲಿ ಇರುತ್ತದೆ. ಅವರಿಗೆ ಗೊತ್ತೇ ಆಗುವುದಿಲ್ಲ.

‘ಹೊಸ ಪುಸ್ತಕಗಳು’ ರ‍್ಯಾಕು ಇಲ್ಲಿ ಉಪಯೋಗಕ್ಕೆ ಬರುವುದು. ಇಡೀ ಕಟ್ಟಡದಲ್ಲಿ ಆತ್ಮಕತೆ, ಕಾದಂಬರಿ, ಭಾಷಾಚಿಂತನೆ, ಅಡುಗೆ ಪುಸ್ತಕ ಎಲ್ಲ ಒಟ್ಟಿಗೆ ನಿಲ್ಲುವ ಜಾಗ ಅದೊಂದೇ. ಆ ಜಾಗವನ್ನು ಒಂದು ತಿಂಗಳಿಗೆ ಖಾಲಿ ಮಾಡಬೇಡಿ, ಆರು ತಿಂಗಳಾದರೂ ಇಡಿ ಎಂದು ನಾನು ಗ್ರಂಥಪಾಲಕರಲ್ಲಿ ಕೇಳಿಕೊಳ್ಳುತ್ತೇನೆ. (ಇಲ್ಲಿ ಅವರು ತಲೆ ಅಲ್ಲಾಡಿಸಿದರು. ಹೂಂ ಅಂದದ್ದೋ ಊಹೂಂ ಅಂದದ್ದೋ ತಿಳಿಯಲಿಲ್ಲ.)

ಈಗ ಪುಸ್ತಕಗಳಿಗೆ ಬರೋಣ. ನನಗೆ ಇಷ್ಟವಾದವನ್ನಷ್ಟೇ ಹೇಳುತ್ತೇನೆ.

‘ಕುದಿ ಎಸರು’ ಓದದವರು ಓದಿ. ಪತ್ರಕರ್ತೆಯಾಗಿ, ರಂಗಭೂಮಿಯ ಸಂಗಾತಿಯಾಗಿ ನಾವು ಕಂಡ ವಿಜಯಮ್ಮ ಅದಕ್ಕೂ ಮೊದಲು ಯಾವ ಮನೆಗಳಲ್ಲಿ, ಯಾವ ಹೊಡೆತಗಳ ನಡುವೆ ಬದುಕಿದರು ಎಂದು ಅದರಲ್ಲಿದೆ. ಕರುಣೆ ಬೇಡುವ ಬರವಣಿಗೆ ಅಲ್ಲ. ಹಾಗಾಗಿಯೇ ಓದುವುದು ಕಷ್ಟ. ಆತ್ಮಕತೆ ಅಂದರೆ ಸನ್ಮಾನಗಳ ಪಟ್ಟಿ ಅಂದುಕೊಂಡವರಿಗೆ ಇದು ಬೇರೆಯೇ ಲೋಕ.

‘ನುಡಿಗಳ ಅಳಿವು’ ಹೆಸರು ನೋಡಿ ಹೆದರಬೇಡಿ. ಕೆ. ವಿ. ನಾರಾಯಣ ಅವರದು ತಿಳಿಗನ್ನಡ. ನುಡಿ ಸಾಯುತ್ತದೆ, ಉಳಿಸಬೇಕು ಎಂಬ ಮಾತನ್ನು ನಾವು ನವೆಂಬರ್ ಬಂತೆಂದರೆ ಕೇಳುತ್ತೇವೆ. ಅವರು ಅದನ್ನು ಬೇರೆ ದಿಕ್ಕಿನಿಂದ ನೋಡುತ್ತಾರೆ. ಒಪ್ಪಲೇಬೇಕೆಂದಿಲ್ಲ. ನಿಧಾನವಾಗಿ ಓದಿ, ಒಂದು ಸಲಕ್ಕೆ ಒಂದು ಅಧ್ಯಾಯ ಸಾಕು.

ಕಾದಂಬರಿಯಲ್ಲಿ ವಸುಧೇಂದ್ರ ಅವರ ‘ತೇಜೋ ತುಂಗಭದ್ರಾ’. 2019ರದು. ಲಿಸ್ಬನ್ನಿನ ತೇಜೋ ನದಿಯ ದಂಡೆಯ ಬದುಕು ಒಂದು ಕಡೆ, ವಿಜಯನಗರದ ತುಂಗಭದ್ರೆಯ ದಂಡೆಯ ಬದುಕು ಇನ್ನೊಂದು ಕಡೆ. ನಡುವೆ ಹಡಗು, ಮೆಣಸು, ಗೋವಾ. ವಿಜಯನಗರ ಎಂದರೆ ಮುತ್ತುರತ್ನ ಅಳೆದು ಮಾರಿದರು ಎಂದು ಮುಗಿಸುವ ನಮಗೆ ಆ ಊರಿನ ಸಾಮಾನ್ಯರ ಮೇಲಿನ ಕ್ರೌರ್ಯವನ್ನೂ ತೋರಿಸುತ್ತದೆ. ಇಂಥ ಪುಸ್ತಕ ತರುಣರ ಕೈಗೆ ಕೊಟ್ಟರೆ ‘ಈಗಿನವರು ದಪ್ಪ ಪುಸ್ತಕ ಓದಲ್ಲ’ ಎಂಬ ಗೊಣಗಾಟ ನಿಲ್ಲುತ್ತದೆ. ವಿವೇಕ ಶಾನಭಾಗ ಅವರ ‘ಸಕೀನಾಳ ಮುತ್ತು’ ಇದಕ್ಕೆ ವಿರುದ್ಧ. ಚಿಕ್ಕದು, ಒಂದು ಮಧ್ಯಮವರ್ಗದ ಮನೆಯದು, ಆದರೆ ಮುಗಿಸಿದ ಮೇಲೆ ಕತೆ ಹೇಳಿದವನನ್ನೇ ನಂಬಬೇಕೋ ಬೇಡವೋ ಎಂದು ಕಾಡುತ್ತದೆ.

ಕತೆಗಳಲ್ಲಿ ಬಾನು ಮುಷ್ತಾಕ್ ಅವರನ್ನು ಬಿಡುವಂತಿಲ್ಲ, ಅಲ್ವಾ? 2025ರ ಮೇ ತಿಂಗಳಲ್ಲಿ ಅವರ 12 ಕತೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಬಂತು. ಅನುವಾದ ದೀಪಾ ಭಾಸ್ತಿ ಅವರದು. ಕನ್ನಡ ಪುಸ್ತಕಕ್ಕೆ ಮೊದಲ ಸಲ, ಸಣ್ಣಕತೆಗಳ ಪುಸ್ತಕಕ್ಕೂ ಮೊದಲ ಸಲ. ಆ ವಾರ ಎಲ್ಲರೂ ‘ಹೊಸ ಪುಸ್ತಕ ಬಂತಾ?’ ಎಂದು ಕೇಳಿದ್ದೇ ಕೇಳಿದ್ದು. ಆದರೆ ಆ ಕತೆಗಳು 1990ರಿಂದ 2023ರ ನಡುವೆ ಕನ್ನಡದಲ್ಲಿ ಬಂದವು. ‘ಹೆಜ್ಜೆ ಮೂಡಿದ ಹಾದಿ’, ‘ಎದೆಯ ಹಣತೆ’ ಎಂಬ ಸಂಕಲನಗಳು ಎಷ್ಟೋ ವರ್ಷದ ಹಿಂದೆಯೇ ಅಚ್ಚಾಗಿದ್ದವು. ನಿರ್ದೇಶಕ ಗಿರೀಶ ಕಾಸರವಳ್ಳಿ ಬಾನು ಅವರ ಒಂದು ಕತೆಯಿಂದ ‘ಹಸೀನಾ’ ಸಿನಿಮಾ ಮಾಡಿದ್ದೂ 2004ರಲ್ಲಿ. ಲಂಡನ್ನಿಗೆ ಹೊಸದಾದದ್ದು ಅವರ ಊರು ಹಾಸನಕ್ಕೆ ಹಳೆಯದು. ಆದ್ದರಿಂದ ಹೊಸ ರ‍್ಯಾಕಿನಲ್ಲಿ ಇಲ್ಲದಿದ್ದರೆ ಹಿಂದಿನ ರ‍್ಯಾಕಿನಲ್ಲಿ ‘ಬಾ’ ಅಕ್ಷರದ ಹತ್ತಿರ ಹುಡುಕಿ. ಧೂಳು ಹಿಡಿದ ತೆಳು ಪುಸ್ತಕ ಸಿಕ್ಕರೂ ಸಿಗಬಹುದು.

‘ಧೂಪದ ಮಕ್ಕಳು’ ಸಂಕಲನವನ್ನೂ ಸೇರಿಸುತ್ತೇನೆ. ಸ್ವಾಮಿ ಪೊನ್ನಾಚಿ ಅವರದು. ಪೊನ್ನಾಚಿ ಎಂದರೆ ಮಹದೇಶ್ವರ ಬೆಟ್ಟದ ಸೀಮೆಯ ಊರು. ಬೆಂಗಳೂರಿನ ಅಪಾರ್ಟ್‌ಮೆಂಟ್ ಕತೆಗಳು ಸಾಕಾಗಿದ್ದರೆ ಇದನ್ನು ತೆಗೆದುಕೊಳ್ಳಿ.

ವಿಜ್ಞಾನದ ಪುಸ್ತಕಗಳ ಬಗ್ಗೆ ನನಗೆ ಬೇಸರ ಇದೆ. ನಾಗೇಶ ಹೆಗಡೆ ಅವರಂಥ ಕೆಲವರನ್ನು ಬಿಟ್ಟರೆ ದೊಡ್ಡವರು ಓದುವ ಕನ್ನಡ ವಿಜ್ಞಾನದ ಹೊಸ ಪುಸ್ತಕ ರ‍್ಯಾಕಿನಲ್ಲಿ ವಿರಳ. ಬಿ. ಜಿ. ಎಲ್. ಸ್ವಾಮಿ ಅವರ ‘ಹಸುರು ಹೊನ್ನು’, ತೇಜಸ್ವಿ ಅವರ ‘ಪರಿಸರದ ಕತೆ’ ಮರುಮುದ್ರಣಗೊಂಡು ಹೊಸ ಮುಖಪುಟದಲ್ಲಿ ಬರುತ್ತವೆ. ಬರಲಿ, ಒಳ್ಳೆಯದೇ. ಆದರೆ ಈಗಿನ ಪ್ರಶ್ನೆಗಳಿಗೆ ಈಗಿನವರೂ ಬರೆಯಬೇಕಲ್ಲ.

ಸ್ಪರ್ಧಾತ್ಮಕ ಪರೀಕ್ಷೆಯ ಹುಡುಗ ಹುಡುಗಿಯರ ಬಗ್ಗೆಯೂ ಹೇಳಲೇಬೇಕು. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಅವರು ಬಂದಿರುತ್ತಾರೆ. ಕುರ್ಚಿ ಎಲ್ಲ ಅವರದೇ. ‘ಇವರು ಗೈಡ್ ಓದುತ್ತಾರೆ, ಪುಸ್ತಕ ಓದಲ್ಲ’ ಎಂದು ಹಿರಿಯರು ಮೂಗು ಮುರಿಯುತ್ತಾರೆ. ನನಗೆ ಇದು ಹಿಡಿಸುವುದಿಲ್ಲ. ಒಂದು ಕೋಣೆಯ ಮನೆಯಲ್ಲಿ ಓದಲು ಜಾಗ ಇಲ್ಲದೆ ಬರುವವರು ಅವರು. ಗ್ರಂಥಾಲಯವನ್ನು ಜೀವಂತವಾಗಿ ಇಟ್ಟಿರುವವರೂ ಅವರೇ. ಅವರ ಮೇಜಿನ ಪಕ್ಕಕ್ಕೆ ಒಂದು ಸಣ್ಣ ರ‍್ಯಾಕು ಸರಿಸಿ, ಗಾಂಧಿ, ಸಂವಿಧಾನ, ಕರ್ನಾಟಕದ ಚರಿತ್ರೆ, ಭಾಷೆ ಇವುಗಳ ಬಗ್ಗೆ ಚೆನ್ನಾಗಿ ಬರೆದ ಪುಸ್ತಕಗಳನ್ನು ಇಟ್ಟು ನೋಡಿ. ಪ್ರಬಂಧ ಬರೆಯುವ ಪರೀಕ್ಷೆಗೆ ಗೈಡಿಗಿಂತ ‘ಗಾಂಧಿ ಕಥನ’ವೇ ಜಾಸ್ತಿ ಉಪಯೋಗ. ಅದನ್ನು ಅವರಿಗೆ ಯಾರಾದರೂ ಹೇಳಬೇಕು.

2020ರ ಫೆಬ್ರವರಿಯಲ್ಲಿ ಶುರುವಾದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯವೂ ಇದೆ. ಫೋನಿನಲ್ಲಿ ನೋಂದಣಿ ಮಾಡಿಕೊಳ್ಳಬಹುದು. ನಾನು ನೋಡಿದ ಮಟ್ಟಿಗೆ ಪಠ್ಯ ಮತ್ತು ಪರೀಕ್ಷೆಯ ಸಾಮಗ್ರಿಗೆ ಅದು ಚೆನ್ನಾಗಿದೆ. ನಾನು ಈಗ ಹೇಳಿದಂಥ ಹೊಸ ಪುಸ್ತಕಗಳಿಗೆ ಇಲ್ಲಿಗೇ ಬರಬೇಕು.

ಮಾತು ಮುಗಿದ ಮೇಲೆ ಎರಡು ಪ್ರಶ್ನೆ ಬಂದವು.

ಒಬ್ಬ ತಾಯಿ ಕೇಳಿದರು: ‘ಸರ್, ನಾವು ಬೇಕು ಅಂತ ಹೇಳಿದ ಪುಸ್ತಕ ತರಿಸ್ತಾರಾ?’ ನಾನು ಹೇಳಿದೆ: ಕೌಂಟರಿನಲ್ಲಿ ಸಲಹೆ ಬರೆಯುವ ಪುಸ್ತಕ ಇದೆಯಾ ಎಂದು ಕೇಳಿ. ಇಲ್ಲದಿದ್ದರೆ ಒಂದು ಬಿಳಿ ಹಾಳೆ ಸಾಕು. ‘ಒಳ್ಳೆಯ ಪುಸ್ತಕ ತರಿಸಿ’ ಎಂದು ಬರೆದರೆ ಪ್ರಯೋಜನ ಇಲ್ಲ. ಪುಸ್ತಕದ ಹೆಸರು, ಲೇಖಕರು, ಪ್ರಕಾಶನ, ವರ್ಷ ಬರೆಯಿರಿ. ಕೆಳಗೆ ನಿಮ್ಮ ಸದಸ್ಯತ್ವದ ಸಂಖ್ಯೆ ಹಾಕಿ. ಅದೇ ಪುಸ್ತಕವನ್ನು ಇನ್ನೂ ನಾಲ್ಕು ಜನ ಕೇಳಲಿ. ತಕ್ಷಣ ಬರುತ್ತದೆ ಎಂದು ನಾನು ಮಾತು ಕೊಡಲಾರೆ. ಆದರೆ ಖರೀದಿಯ ಪಟ್ಟಿ ಮಾಡುವಾಗ ಮೇಲಿನವರಿಗೆ ತೋರಿಸಲು ಗ್ರಂಥಪಾಲಕರ ಕೈಯಲ್ಲಿ ಒಂದು ಕಾಗದ ಇರುತ್ತದೆ. ಈಗ ಎಷ್ಟೋ ಕಡೆ ಆ ಕಾಗದವೇ ಇಲ್ಲ.

ಇನ್ನೊಬ್ಬರು ನಿವೃತ್ತ ಮೇಷ್ಟರು. ‘ಮನೇಲಿ ಪುಸ್ತಕ ತುಂಬಾ ಇವೆ, ಎಲ್ಲಾ ಇಲ್ಲಿಗೇ ಕೊಟ್ಟುಬಿಡ್ತೀನಿ, ತಗೋತೀರಾ?’ ಎಂದು ಗ್ರಂಥಪಾಲಕರನ್ನೇ ಕೇಳಿದರು. ಅವರು ಸಂಕೋಚದಿಂದ ನನ್ನ ಕಡೆ ನೋಡಿದರು. ಹಾಗಾಗಿ ನಾನೇ ಹೇಳಿದೆ: ಮೇಷ್ಟ್ರೇ, ಮೊದಲು ಒಂದು ಪಟ್ಟಿ ಮಾಡಿ ತೋರಿಸಿ. ಸಿಲಬಸ್ ಬದಲಾದ ಪಠ್ಯಪುಸ್ತಕ, ಹಳೇ ಗೈಡು, ಗೆದ್ದಲು ಹಿಡಿದದ್ದು ಬೇಡ. ಗೆದ್ದಲು ಒಂದು ಬೀರುವಿನಲ್ಲಿ ನಿಲ್ಲುವುದಿಲ್ಲ. ನಿಮ್ಮ ಹತ್ತಿರ ಅಚ್ಚಿನಲ್ಲಿ ಇಲ್ಲದ ಹಳೆಯ ಕಾದಂಬರಿ, ಊರಿನ ಚರಿತ್ರೆ, ನಿಂತುಹೋದ ಪತ್ರಿಕೆಗಳ ಸಂಚಿಕೆ ಇದ್ದರೆ ಅವನ್ನು ಖಂಡಿತ ಕೊಡಿ. ಉಳಿದದ್ದನ್ನು ರದ್ದಿಗೆ ಹಾಕಿ. ಬಂದ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿ ಈ ವರ್ಷ ಬಂದ ಒಂದು ಕಥಾಸಂಕಲನ ಕೊಂಡು ಇಲ್ಲಿಗೆ ಕೊಡಿ.

ಮೇಷ್ಟರು ಸ್ವಲ್ಪ ಹೊತ್ತು ಯೋಚಿಸಿ, ‘ಯಾವುದು ಕೊಳ್ಳಲಿ, ಹೆಸರು ಬರೆದುಕೊಡಿ’ ಅಂದರು. ಬರೆದುಕೊಟ್ಟೆ.